ಗಾಜಿಗೊಂದು ಹಗ್ಗ

17 ಏಪ್ರಿಲ್ 2025, ಗುರುವಾರ
ತಿಪಟೂರು

ಇವತ್ತು ಮಧ್ಯಾಹ್ನ ಮೂರೂವರೆಗೆ ನನ್ನ ಓಮ್ನಿ ವ್ಯಾನಿಗೆ ಹಿಂದಿನ ಗಾಜು ಕೂತಿತು. ಒಡೆದದ್ದು ಮೊನ್ನೆ ಮಂಗಳವಾರ ಬೆಳಿಗ್ಗೆ. ಅಲ್ಲಿಂದ ಇಲ್ಲಿವರೆಗೆ ವ್ಯಾನಿನ ಹಿಂದಕ್ಕೆ ಒಂದು ಹಳೇ ಫ್ಲೆಕ್ಸ್ ಬ್ಯಾನರ್ ಕಟ್ಟಿಕೊಂಡು ಓಡಾಡಿದೆ. ಯಾರದೋ ಹುಟ್ಟುಹಬ್ಬದ ಬ್ಯಾನರ್. ಊರವರು ನೋಡಿ ನಗಬಾರದು ಅಂತ ಮುಖವನ್ನು ಒಳಗಡೆ ತಿರುಗಿಸಿ ಕಟ್ಟಿದ್ದೆ. ಆಗಿದ್ದೇನೆಂದರೆ, ಕನ್ನಡಿ ನೋಡಿದಾಗಲೆಲ್ಲ ಆ ಪುಢಾರಿ ನನಗೇ ಕೈ ಮುಗಿಯುತ್ತಿದ್ದ.

ಹೇಗೆ ಒಡೀತು ಅಂತ ನನ್ನ ಮೋಟಾರ್ ರಿಪೇರಿ ಅಂಗಡಿಗೆ ಬಂದವರೆಲ್ಲ ಕೇಳಿದರು. ಮಂಗಳವಾರ ಪೂರ್ತಿ "ಹುಡುಗ ಒಡೆದ" ಅಂತಲೇ ಹೇಳಿದೆ. ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗ ಅಲ್ಲೇ ಕೂತು ಸ್ಟೇಟರ್, ಅಂದರೆ ಮೋಟಾರಿನ ತಿರುಗದ ಹೊರಭಾಗ, ತೊಳೆಯುತ್ತಿದ್ದ, ಬಾಯಿ ಬಿಡಲಿಲ್ಲ. ಆ ಮಾತು ಬರೆಯದೆ ಗಾಜಿನ ವಿಷಯ ಮಾತ್ರ ಬರೆದರೆ ಈ ದಿನಚರಿ ಸುಳ್ಳಾಗುತ್ತೆ.

ನಡೆದದ್ದು ಇಷ್ಟು. ಹಾಲ್ಕುರಿಕೆ ಕಡೆಯ ತೋಟವೊಂದರ ಬೋರ್‌ವೆಲ್ ಮೋಟಾರು ಸುಟ್ಟಿತ್ತು. ಸೋಮವಾರ ರಾತ್ರಿಯೆಲ್ಲ ಕೂತು ವೈಂಡಿಂಗ್, ಅಂದರೆ ಒಳಗಿನ ತಾಮ್ರದ ವೈರ್ ಹೊಸದಾಗಿ ಸುತ್ತುವ ಕೆಲಸ, ಮುಗಿಸಿದ್ದೆವು. ತೋಟದವರು ನಸುಕಿನಿಂದಲೇ ಫೋನು. ಅವರದ್ದೂ ತಪ್ಪಿಲ್ಲ, ಏಪ್ರಿಲ್ ಬಿಸಿಲಿಗೆ ಸಸಿ ತೆಂಗು ಗರಿ ಜೋಲು ಹಾಕಿತ್ತು, ತ್ರೀಫೇಸ್ ಕರೆಂಟು ಸಿಗುವುದೇ ದಿನಕ್ಕೆ ಏಳು ಗಂಟೆ. ಹಿಂದಿನ ಸೀಟು ಮಡಚಿ ಮೊದಲು ಮೋಟಾರು ಮಲಗಿಸಿದೆವು. ಅದರ ಮೇಲೆ ಓರೆಯಾಗಿ ಪಂಪು. ಐದು ಅಡಿಗೂ ಮೀರಿದ ಪಂಪು, ನೀರು ಹೊರಬರುವ ಅದರ ಡೆಲಿವರಿ ಬಾಯಿ ಡಿಕ್ಕಿ ಕಡೆಗೆ ತಲೆ ಎತ್ತಿ ನಿಂತಿತ್ತು. ಹುಡುಗ "ಅಣ್ಣಾ, ತಡೀರಿ, ಬಾಯಿ ಹೊರಗೈತೆ" ಅಂದ. ನಾನು ಒಂದು ಕಿವಿಯಲ್ಲಿ ಫೋನ್ ಇಟ್ಟುಕೊಂಡು "ಹೊರಟ್ವಿ ಸ್ವಾಮಿ, ಹೊರಟೇ ಬಿಟ್ವಿ" ಅನ್ನುತ್ತ ಇನ್ನೊಂದು ಕೈಯಲ್ಲಿ ಡಿಕ್ಕಿ ಬಾಗಿಲು ಎಳೆದು ಹಾಕಿದೆ.

ಟಪ್ ಅಂತ ಒಂದೇ ಸದ್ದು, ತೆಂಗಿನಕಾಯಿ ಒಡೆದ ಹಾಗೆ. ಕಾಯಿ ಎರಡು ಹೋಳಾಗುತ್ತೆ, ಇದು ಲಕ್ಷ ಹೋಳು. ಒಂದು ಕ್ಷಣ ಗಾಜು ಇದ್ದ ಜಾಗದಲ್ಲೇ ಬೆಳ್ಳಗೆ ನಿಂತಿತ್ತು, ಮಂಜು ಕಟ್ಟಿದ ಹಾಗೆ. ಆಮೇಲೆ ಹೊಟ್ಟೆ ಜೋಲಿಸಿಕೊಂಡು ಒಳಕ್ಕೆ ಕುಸಿಯಿತು. ಅಷ್ಟು ಹೊತ್ತು ನಿಂತದ್ದು ಹಳೇ ಮಾಲೀಕ ಅಂಟಿಸಿದ್ದ ಕಪ್ಪು ಫಿಲ್ಮಿನ ದೆಸೆಯಿಂದ. 2012ರಲ್ಲಿ ಸುಪ್ರೀಂ ಕೋರ್ಟು ಗಾಡಿ ಗಾಜಿಗೆ ಫಿಲ್ಮ್ ಬೇಡ ಅಂದಮೇಲೆ ಆತ ಪಕ್ಕದ ಗಾಜಿನದನ್ನೆಲ್ಲ ಕಿತ್ತಿಸಿದ್ದ, ಹಿಂದಿನದನ್ನು ಮಾತ್ರ ಹಾಗೇ ಬಿಟ್ಟಿದ್ದ. ನಾನೂ ಮುಟ್ಟಿರಲಿಲ್ಲ. ಹೋಯಿತಲ್ಲ, ಆ ಭಯವೂ ಹೋಯಿತು.

ಚೂರುಗಳು ಕಲ್ಲುಸಕ್ಕರೆಯ ಹಾಗೆ ಇದ್ದವು. ಕೈಯಲ್ಲಿ ಬಾಚಿದರೂ ದೊಡ್ಡ ಗಾಯವಾಗಲಿಲ್ಲ, ಅಲ್ಲಲ್ಲಿ ಗೀರು ಅಷ್ಟೇ. ಟಫನ್ಡ್ ಗಾಜಿನ ಗುಣವೇ ಅದು. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಹೊಡೆದು ಒಮ್ಮೆಲೇ ತಣಿಸುತ್ತಾರೆ. ಹೊರಮೈ ಮೊದಲು ಬಿಗಿಯುತ್ತೆ, ಒಳಗಿನದು ನಿಧಾನವಾಗಿ ಕುಗ್ಗುತ್ತ ಹೊರಮೈಯನ್ನು ಎಳೆದು ಹಿಡಿಯುತ್ತೆ. ಆ ಬಿಗುವಿನಿಂದಲೇ ಅದಕ್ಕೆ ಬಲ. ಅಂಗೈಯಲ್ಲಿ ಗುದ್ದಿದರೆ ಏನೂ ಆಗಲ್ಲ, ಉಕ್ಕಿನ ಮೂಲೆ ಒಂದು ತುದಿಯಲ್ಲಿ ಕಚ್ಚಿದರೆ ಒಳಗಿನ ಬಿಗುವೆಲ್ಲ ಏಕಕಾಲಕ್ಕೆ ಬಿಚ್ಚಿಕೊಳ್ಳುತ್ತೆ. ಮುಂದಿನ ಗಾಜು ಬೇರೆ ಜಾತಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು, ಒಡೆದರೂ ಅಲ್ಲೇ ಅಂಟಿಕೊಂಡಿರುತ್ತೆ.

ನಾನು ಫೋನ್ ಇಟ್ಟವನೇ ಹುಡುಗನ ಮೇಲೆ ರೇಗಿದೆ. "ಪಂಪು ಸರಿಯಾಗಿ ಇಡೋಕೆ ಬರಲ್ವಾ ನಿನಗೆ?" ಅವನು ಪೊರಕೆ ತಂದ.

ಅವತ್ತೇ ಬ್ಯಾನರ್ ಕಟ್ಟಿಕೊಂಡು ಹೋಗಿ ಪಂಪು ಇಳಿಸಿದ್ದಾಯಿತು. ದಾರಿಯಲ್ಲಿ ಒಂದು ಹೊಸ ಸಂಗತಿ ಗೊತ್ತಾಯಿತು. ಹಿಂದೆ ಗಾಜಿಲ್ಲದ ವ್ಯಾನು ತನ್ನ ಹೊಗೆ ತಾನೇ ಕುಡಿಯುತ್ತೆ. ಬೆನ್ನು ಚಪ್ಪಟೆಯಾದ ಗಾಡಿ ಮುಂದಕ್ಕೆ ಓಡುವಾಗ ಹಿಂದುಗಡೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತೆ, ಸೈಲೆನ್ಸರ್ ಬಿಟ್ಟ ಹೊಗೆ ಅದರಲ್ಲಿ ಸುತ್ತಿ ತೆರೆದ ಜಾಗದಿಂದ ಒಳಗೇ ಬರುತ್ತೆ. ಬ್ಯಾನರ್ ಪಟಪಟ ಬಡಿಯುತ್ತ ಅದಕ್ಕೆ ಬಾಗಿಲು ತೆಗೆದುಕೊಡುತ್ತಿತ್ತು. ಹುಡುಗನಿಗೆ ತಲೆನೋವು ಬಂತು. ಮುಂದಿನ ಕಿಟಕಿ ಎರಡೂ ಪೂರ್ತಿ ಇಳಿಸಿಕೊಂಡೇ ಬಂದೆವು. ಇದನ್ನು ಓದುವವರಲ್ಲಿ ಯಾರಾದರೂ ಡಿಕ್ಕಿ ತೆರೆದು ಉದ್ದದ ಸಾಮಾನು ಸಾಗಿಸುವವರಿದ್ದರೆ ಹುಷಾರು. ಹೊಗೆಯಲ್ಲಿ ವಾಸನೆ ಇರುವುದನ್ನು ಮೂಗು ಹೇಳುತ್ತೆ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹೇಳಿ ಬರಲ್ಲ.

ಇನ್ನೊಂದು ಕಾಟ ತಾಮ್ರದ್ದು. ರಾತ್ರಿ ವ್ಯಾನಲ್ಲಿ ವೈಂಡಿಂಗ್ ವೈರ್ ಬಿಡುವ ಹಾಗಿಲ್ಲ, ಬ್ಯಾನರ್ ಎತ್ತಿದರೆ ಕೈಗೆ ಸಿಗುತ್ತೆ. ಎರಡು ರಾತ್ರಿಯೂ ಪೂರ್ತಿ ಇಳಿಸಿ ನಡುಮನೆಗೆ ಹಾಕಿದೆ. "ಗಾಜು ಹಾಕ್ಸೋಕೆ ಇನ್ನೆಷ್ಟು ದಿನ ರೀ, ಕಾಲಿಡೋಕೆ ಜಾಗ ಇಲ್ಲ" ಅಂತ ಮನೆಯವಳು.

ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ, ಹಾಗಾಗಿ ಆ ಬಾಗಿಲು ಬಡಿಯುವ ಪ್ರಶ್ನೆಯೇ ಇರಲಿಲ್ಲ. ಫುಲ್ ಇನ್ಶೂರೆನ್ಸ್ ಇದ್ದವರಿಗೆ ಗಾಜಿಗೆ ಸವಕಳಿ ಕಳೆಯಲ್ಲ, ರಬ್ಬರಿಗೆ ಅರ್ಧ ಕಳೀತಾರೆ. ಆದರೂ ಇಷ್ಟು ಚಿಕ್ಕ ಬಿಲ್ಲಿಗೆ ಕ್ಲೇಮ್ ಮಾಡಿ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳೋದು ಲೆಕ್ಕಕ್ಕೆ ಬರಲ್ಲ.

ಬುಧವಾರ ಇಲ್ಲೇ ಬಿ.ಎಚ್. ರಸ್ತೆಯ ಒಂದು ಗಾಜಿನಂಗಡಿಯಲ್ಲಿ ಕೇಳಿದರೆ, "ಅಳತೆ ಕೊಡಿ, ಕಿಟಕಿ ಗಾಜಲ್ಲೇ ಕಟ್ ಮಾಡಿ ಕೊಡ್ತೀನಿ, ಆರುನೂರು ಸಾಕು" ಅಂದರು. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೆನಪಾಯಿತು, ಸಾದಾ ಗಾಜು ಒಡೆದರೆ ಕಲ್ಲುಸಕ್ಕರೆ ಆಗಲ್ಲ, ಕುಡುಗೋಲು ಆಗುತ್ತೆ. ಅದರ ಹಿಂದೆ ಸಾಮಾನಿನ ಜೊತೆ ಕೂರುವವನು ಹುಡುಗ. ಟಫನ್ಡ್ ಗಾಜನ್ನಾದರೆ ಕತ್ತರಿಸೋಕೇ ಬರಲ್ಲ, ಅಳತೆಗೆ ಕತ್ತರಿಸಿ ಆಮೇಲೆ ಕಾಯಿಸಬೇಕು. ಅಂದರೆ ಓಮ್ನಿಯದೇ ಬೇಕು. ಈ ವ್ಯಾನನ್ನು ಮಾರುತಿಯವರು 1984ರಲ್ಲಿ ಬಿಟ್ಟರು, 2019ರಲ್ಲಿ ನಿಲ್ಲಿಸಿದರು. ಮೂವತ್ತೈದು ವರ್ಷ ಓಡಿದ ಗಾಡಿ, ಬಿಡಿಭಾಗಕ್ಕೆ ಇನ್ನೂ ಬರ ಬಂದಿಲ್ಲ. ನಾಲ್ಕು ಫೋನ್ ಮಾಡಿದ ಮೇಲೆ ತುಮಕೂರಿನಲ್ಲಿ ಒಂದು ಇದೆ ಅಂತ ತಿಳಿಯಿತು.

ಇವತ್ತು ಬೆಳಿಗ್ಗೆ ಎಂಟಕ್ಕೆ ಹೊರಟು, ಗುಬ್ಬಿಯಲ್ಲಿ ಒಂದು ಟೀ ಕುಡಿದು, ಹತ್ತೂವರೆ ಹೊತ್ತಿಗೆ ಅಂಗಡಿ ಮುಂದೆ ನಿಂತೆವು. ಗಾಜು ಕೂರಿಸುವವರು ಅರವತ್ತು ದಾಟಿದ ಒಬ್ಬರು, ಎಲ್ಲರೂ ಭಾಯ್ ಅನ್ನುತ್ತಾರೆ. ಬ್ಯಾನರ್ ಬಿಚ್ಚಿ ನೋಡಿ, ಪುಢಾರಿಗೆ ಒಂದು ನಮಸ್ಕಾರ ಹಾಕಿ, ಸೀದಾ ರಬ್ಬರಿಗೆ ಕೈ ಹಾಕಿದರು. ಗಾಜಿನ ಮಾತೇ ಇಲ್ಲ. ಗಾಜಿನ ಸುತ್ತ ಕೂರುವ ರಬ್ಬರ್ ಪಟ್ಟಿ, ಅಂದರೆ ಹಳೇ ಬೀಡಿಂಗನ್ನು ಬೆರಳಲ್ಲಿ ಬಗ್ಗಿಸಿದರು, ಒಣ ಕೊಬ್ಬರಿ ಮುರಿದ ಹಾಗೆ ಬಿರುಕು ಬಿಟ್ಟಿತು.

"ಇದನ್ನೇ ಹಾಕಿದ್ರೆ ಉಳಿಯುತ್ತಲ್ಲ ಭಾಯ್?"

"ನಾನೂರು ರೂಪಾಯಿ ಉಳಿಯುತ್ತೆ ಅಣ್ಣ. ಮಳೆಗಾಲದಲ್ಲಿ ವ್ಯಾನೊಳಗೆ ಮೀನು ಸಾಕಬಹುದು."

ಬೀಡಿಂಗ್ ಕಿತ್ತಾಗ ಕೆಳಗಿನ ಅಂಚಿನಲ್ಲಿ ಗೇಣುದ್ದ ತುಕ್ಕು ಕಾಣಿಸಿತು. ರಬ್ಬರ್ ಕೂರುವ ತಗಡಿನ ತುಟಿಯೇ ಪದರ ಪದರವಾಗಿ ಏಳುತ್ತಿತ್ತು. ನಾನು ನೋಡದೇ ಹೋಗಿದ್ದರೆ ಇನ್ನೆರಡು ಮಳೆಗಾಲಕ್ಕೆ ಡಿಕ್ಕಿ ಬಾಗಿಲೇ ಹೋಗುತ್ತಿತ್ತು. ಇದು 2010ರ ಗಾಡಿ, ಈ ವರ್ಷ ಹದಿನೈದು ತುಂಬುತ್ತೆ, ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಮುಂದೆ ನಿಲ್ಲಿಸಬೇಕು. ಪಂಪಿನ ಬಾಯಿ ಒಂದು ಒಳ್ಳೆಯದನ್ನೂ ಮಾಡಿದೆ ಅಂದುಕೊಂಡೆ. ಭಾಯ್ ತಂತಿ ಬ್ರಷ್‌ನಲ್ಲಿ ಉಜ್ಜಿ, ಪಾಲಿಶ್ ಪೇಪರ್ ಹಾಕಿ, ರೆಡ್ ಆಕ್ಸೈಡ್ ಬಳಿದು "ಊಟ ಮಾಡ್ಕೊಂಡು ಬನ್ನಿ" ಅಂದರು. ಬಣ್ಣ ಒಣಗುವಷ್ಟರಲ್ಲಿ ನಾವು ಊಟ ಮುಗಿಸಿ, ಬಾಗಿಲಿನ ಸಂದಿಯಲ್ಲಿ ಸೇರಿದ್ದ ಚೂರುಗಳನ್ನು ಅಲ್ಲಾಡಿಸಿ ಉದುರಿಸಿದೆವು. ಎಷ್ಟು ಉದುರಿಸಿದರೂ ಇನ್ನೊಂದು ಹಿಡಿ ಇರುತ್ತೆ.

ಈಗ ಮುಖ್ಯವಾದ ಕೆಲಸ. ನಾನು ಈವರೆಗೆ ಗಾಜನ್ನು ಗಮ್ ಹಾಕಿ ಅಂಟಿಸುತ್ತಾರೆ ಅಂದುಕೊಂಡಿದ್ದೆ. ಈಗಿನ ಕಾರುಗಳಿಗೆ ಹಾಗೆಯೇ. ಓಮ್ನಿಯಲ್ಲಿ ರಬ್ಬರೇ ಎಲ್ಲ. ಬೀಡಿಂಗಿಗೆ ಸುತ್ತಲೂ ಎರಡು ತೋಡು, ಒಂದರಲ್ಲಿ ಗಾಜಿನ ಅಂಚು ಕೂರುತ್ತೆ, ಇನ್ನೊಂದರಲ್ಲಿ ತಗಡಿನ ತುಟಿ. ಗಾಜಿಗೆ ಬೀಡಿಂಗ್ ತೊಡಿಸುವುದು ಸುಲಭ. ಆಮೇಲೆ ಅಷ್ಟನ್ನೂ ಬಾಗಿಲಿನ ಚೌಕಟ್ಟಿಗೆ ಕೂರಿಸುವುದು ಹೇಗೆ? ರಬ್ಬರಿನ ಒಳತುಟಿ ತಗಡನ್ನು ದಾಟಿ ಒಳಗಡೆಗೆ ಬರಬೇಕು, ಹೊರಗೆ ನಿಂತವನ ಕೈ ಅಲ್ಲಿಗೆ ಹೋಗಲ್ಲ. ಸ್ಕ್ರೂಡ್ರೈವರಲ್ಲಿ ಮೀಟಿದರೆ ಗಾಜಿನ ಅಂಚಿಗೆ ಪೆಟ್ಟು, ಮತ್ತೆ ಟಪ್.

ಉತ್ತರ ಒಂದು ನೈಲಾನ್ ಹಗ್ಗ. ಪೆನ್ಸಿಲ್ಲಿಗಿಂತ ಸಣ್ಣದು. ತಗಡು ಕೂರುವ ತೋಡಿನಲ್ಲಿ ಅದನ್ನು ಸುತ್ತಲೂ ಒತ್ತಿ ತುಂಬಿ, ಎರಡು ತುದಿಯನ್ನೂ ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಹಾಯಿಸಿ ಒಳಕ್ಕೆ ಇಳಿಬಿಟ್ಟರು. ಸೋಪಿನ ನೀರು ಸವರಿದರು. ಹುಡುಗ "ಗ್ರೀಸ್ ಹಚ್ಚಿದ್ರೆ ಇನ್ನೂ ಜಾರುತ್ತಲ್ವಾ?" ಅಂದ. "ಗ್ರೀಸ್, ಆಯಿಲ್ ಮುಟ್ಟಿಸಿದ್ರೆ ಈ ರಬ್ಬರ್ ಊದ್ಕೊಳ್ಳುತ್ತೆ ಮಗಾ. ಸೋಪು ಒಣಗಿ ಹೋಗುತ್ತೆ, ಅದೇ ಒಳ್ಳೇದು."

ಹೊರಗಿನಿಂದ ಒಬ್ಬ ಒತ್ತಬೇಕು, ಒಳಗೆ ಕೂತು ಒಬ್ಬ ಹಗ್ಗ ಎಳೆಯಬೇಕು. ಭಾಯ್ ಜೊತೆಗಾರ ಊಟಕ್ಕೆ ಹೋದವನು ಬಂದಿರಲಿಲ್ಲ. ನಾನು ಒಳಗೆ ಕೂತೆ. ಎಳೆದೆ. ರಬ್ಬರಿನ ತುಟಿ ಒಂದು ಚೋಟು ಮಗುಚಿಕೊಂಡು ಒಳಗೆ ಬಂತು, ಖುಷಿಯಾಗಿ ಇನ್ನೂ ಜೋರಾಗಿ ಎಳೆದೆ. ಮೂಲೆಗೆ ಬಂದಾಗ ಹಗ್ಗ ಪುಸಕ್ಕನೆ ಆಚೆ ಬಂತು, ತುಟಿ ಅಲ್ಲೇ ಉಳಿಯಿತು. ಭಾಯ್ ಮಾತಾಡದೆ ಗಾಜು ಇಳಿಸಿ ಮತ್ತೆ ಮೊದಲಿಂದ ಹಗ್ಗ ತುಂಬಿದರು. ಎರಡನೇ ಸಲವೂ ಅದೇ ಮೂಲೆ, ಅದೇ ಕಥೆ.

"ನಾನು ಎಳೀಲಾ ಅಣ್ಣ?" ಅಂದ ಹುಡುಗ.

ಇಲ್ಲಿ ನಮ್ಮ ಕೆಲಸದ ಒಂದು ಮಾತು. ನೀರು ತುಂಬುವ ಸಬ್‌ಮರ್ಸಿಬಲ್ ಮೋಟಾರಿಗೆ ಕಾಯಿಲ್ ಸುತ್ತಿ ಒಳಗಿಡುವ ಹಾಗಿಲ್ಲ. ಪ್ಲಾಸ್ಟಿಕ್ ಹೊದಿಕೆಯ ವೈರನ್ನು ಸ್ಟೇಟರಿನ ಸಂದಿಯೊಳಗೆ ಈ ತುದಿಯಿಂದ ತೂರಿಸಿ ಆ ತುದಿಯಲ್ಲಿ ಎಳೆದು, ಮತ್ತೆ ತೂರಿಸಿ ಮತ್ತೆ ಎಳೆದು, ಸುತ್ತು ಮುಗಿಯುವವರೆಗೆ ಕೈಯಲ್ಲೇ ಪೋಣಿಸಬೇಕು. ಜಗ್ಗಿದರೆ ಹೊದಿಕೆ ಗೀಚಿ ನೀರಿಗೆ ಇಳಿದ ದಿನವೇ ಸುಡುತ್ತೆ. ಈಚೀಚೆಗೆ ನನ್ನ ಕಣ್ಣು ಮಂಜಾಗಿ ಅಂಗಡಿಯಲ್ಲಿ ಆ ಎಳೆತವೆಲ್ಲ ಅವನದೇ. ಎರಡು ವರ್ಷದಿಂದ ನಾನು ಅದನ್ನು ನೋಡುತ್ತಲೇ ಇದ್ದೇನೆ, ನೋಡಿರಲಿಲ್ಲ.

ಅವನು ಒಳಗೆ ಹೋಗಿ ಕೂತ. ಹಗ್ಗವನ್ನು ತನ್ನ ಕಡೆಗೆ ಎಳೆಯಲಿಲ್ಲ, ಗಾಜಿನ ನಡುವಿನ ಕಡೆಗೆ ಓರೆಯಾಗಿ, ಗಾಜಿಗೆ ತಾಗಿದಂತೆಯೇ ಎಳೆದ. ಅರ್ಧ ಇಂಚು, ನಿಲ್ಲಿಸಿದ. ಭಾಯ್ ಹೊರಗಿನಿಂದ ಅಂಗೈಯಲ್ಲಿ ತಟ್ಟಿದರು. ಇನ್ನರ್ಧ ಇಂಚು. ಮೂಲೆಯಲ್ಲಿ ಉಸಿರು ಬಿಗಿಹಿಡಿದು ಹಗ್ಗಕ್ಕಿಂತ ಹೆಚ್ಚಾಗಿ ತುಟಿಯನ್ನೇ ನೋಡುತ್ತ, ಹೆಬ್ಬೆರಳಿನ ಉಗುರಲ್ಲಿ ಅದಕ್ಕೆ ದಾರಿ ತೋರಿಸಿದ. ಕರು ಹಾಕುವ ಹಸು ಮುಂದೆ ಕೂತವರ ಹಾಗೆ ಇಬ್ಬರೂ ಮಾತಿಲ್ಲ. ಸುತ್ತಿ ಬಂದು ಹಗ್ಗದ ಕೊನೆ ಅವನ ಕೈಗೆ ಬಿದ್ದಾಗ ಇಪ್ಪತ್ತು ನಿಮಿಷ ಆಗಿತ್ತು.

"ಯಾರಿವನು? ಕೈ ನಯ ಇದೆ" ಅಂದರು ಭಾಯ್. ಆಮೇಲೆ ನಗುತ್ತ, "ಒಡೆದವನೂ ನೀನೇನಾ?"

ಹುಡುಗ ನನ್ನ ಮುಖ ನೋಡಿದ.

"ನಾನು ಭಾಯ್. ಇವನು ತಡೀರಿ ಅಂದಿದ್ದ" ಅಂದೆ.

ಅವನು ಹಗ್ಗ ಸುರುಳಿ ಸುತ್ತತೊಡಗಿದ, ಅಷ್ಟು ಸಣ್ಣ ಹಗ್ಗ ಸುತ್ತೋಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಗೊಂಡ.

ಎರಡು ಬಕೆಟ್ ನೀರು ಸುರಿದು ನೋಡಿದಾಗ ಎಡ ಕೆಳಮೂಲೆಯಲ್ಲಿ ಒಂದು ಹನಿ ಇಳಿಯಿತು. ತುಕ್ಕು ತಿಂದಿದ್ದ ಜಾಗವೇ. ಒರೆಸಿ, ರಬ್ಬರಿನ ತುಟಿ ಎತ್ತಿ ಅದರಡಿಗೆ ಕಪ್ಪು ಸೀಲೆಂಟ್ ಬಿಟ್ಟರು. ಎರಡನೇ ಸಲ ಇಳಿಯಲಿಲ್ಲ. ಇವತ್ತು ತೊಳೆಯಬೇಡಿ, ಡಿಕ್ಕಿ ಜೋರಾಗಿ ಹಾಕಬೇಡಿ ಅಂದರು. ಎರಡನೆಯದನ್ನು ಹೇಳುವಾಗ ನನ್ನನ್ನೇ ನೋಡಿ ಹೇಳಿದರು. ಗಾಜು 1,450, ಬೀಡಿಂಗ್ 420, ಕೂಲಿ 350. ಕೂಲಿಗೆ ನೂರು ಸೇರಿಸಿ ಕೊಡಲು ಹೋದರೆ ಭಾಯ್ ಆ ನೂರನ್ನು ಹುಡುಗನ ಜೇಬಿಗೆ ತುರುಕಿದರು.

ಹೊಸ ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು, ಅದರ ಕೆಳಗೆ ಐಎಸ್ 2553 ಅಂತ ಸಣ್ಣ ಅಕ್ಷರ, ಸುರಕ್ಷತಾ ಗಾಜಿನ ಮಾನದಂಡದ ಸಂಖ್ಯೆ. ಫಿಲ್ಮ್ ಇಲ್ಲದ ಗಾಜಿನಲ್ಲಿ ಹಿಂದಿನ ರಸ್ತೆ ಇಷ್ಟು ಬೆಳ್ಳಗೆ ಇರುತ್ತೆ ಅಂತ ಗೊತ್ತಿರಲಿಲ್ಲ. ವಾಪಸ್ ಬರುವಾಗ ಕೆ.ಬಿ. ಕ್ರಾಸ್ ದಾಟೋವರೆಗೂ ಹಿಂದೆ ಬರುತ್ತಿದ್ದ ಲಾರಿಯ ಡ್ರೈವರ್ ಬೀಡಿ ಹಚ್ಚಿದ್ದೂ ಕಾಣುತ್ತಿತ್ತು.

ರಾತ್ರಿ ಹತ್ತೂವರೆ. ಇದನ್ನು ಬರೆಯುತ್ತಿರುವಾಗಲೇ ಗುಡುಗು, ಹಿಂದೆಯೇ ಅಶ್ವಿನಿ ಮಳೆ, ಶೀಟಿನ ಮೇಲೆ ಕಲ್ಲು ಎಸೆದ ಹಾಗೆ. ಟಾರ್ಚ್ ಹಿಡಿದು ಹೋಗಿ ವ್ಯಾನೊಳಗೆ ಕೂತೆ. ಎಡಮೂಲೆಯ ಬೀಡಿಂಗಿನ ಕೆಳಗೆ ಬೆರಳಾಡಿಸಿದೆ. ಒಣಗಿತ್ತು. ಎದ್ದು ಬರುವಾಗ ಬಾಗಿಲಿನ ಹೊಟ್ಟೆಯಲ್ಲಿ ಎಲ್ಲೋ ಉಳಿದ ಚೂರುಗಳು ಕಿಲಕಿಲ ಅಂದವು.