ಪರಿಮಳ ಮೊದಲು ಅಮ್ಮನಿಗೆ

ಈ ಸಲ ಉಡುಪಿ ಹತ್ರದ ಕಾಪುವಿನ ಸುಗ್ಗಿ ಮಾರಿಪೂಜೆಗೆ, ಅಂದ್ರೆ ತುಳುವಿನ ಸುಗ್ಗಿ ತಿಂಗಳಲ್ಲಿ ಮಾರಿಯಮ್ಮನಿಗೆ ಆಗುವ ಪೂಜೆಗೆ, ಹರಕೆ ಒಪ್ಪಿಸ್ಲಿಕ್ಕೆ ಹೋಗಿ ಬಂದ್ವಿ. ಬರೆಯದೆ ಇರ್ಲಿಕ್ಕೆ ಆಗ್ತಾ ಇಲ್ಲ, ಅದಕ್ಕೆ ಕೂತಿದ್ದೇನೆ.

ಕಳೆದ ಮಳೆಗಾಲದಲ್ಲಿ ಮಗನಿಗೆ ಡೆಂಗ್ಯೂ ಆಗಿತ್ತು. ಪ್ಲೇಟ್‌ಲೆಟ್ ಇಳೀತಾ ಇಳೀತಾ ಹೋಗುವಾಗ ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ಬಾಯಿಗೆ ಬಂದದ್ದು ಒಂದೇ ಹೆಸರು. ನಮ್ಮ ಹಿರಿಯರು ಸಿಡುಬಿಗೂ ಅಮ್ಮ ಅಂತಲೇ ಹೇಳ್ತಿದ್ದವರು, ಸಿಡುಬು ಈಗ ಲೋಕದಲ್ಲೇ ಇಲ್ಲ, ಆದ್ರೆ ಮಗುವಿನ ಹಣೆ ಸುಡುವಾಗ ಕರೆಯುದು ಅವಳನ್ನೇ. ಡಾಕ್ಟ್ರು ಅವರ ಕೆಲಸ ಚೆನ್ನಾಗಿ ಮಾಡಿದ್ರು, ಅವರಿಗೂ ಕೈ ಮುಗೀತೇನೆ. ನಾನು ನನಗೆ ಗೊತ್ತಿದ್ದದ್ದು ಮಾಡಿದೆ. ಅಮ್ಮಾ, ಇವನನ್ನು ಎಬ್ಬಿಸಿ ಕೂರಿಸು, ಸುಗ್ಗಿಗೆ ಒಂದು ಅಟ್ಟೆ ಮಲ್ಲಿಗೆ ತಂದು ಒಪ್ಪಿಸ್ತೇನೆ ಅಂತ ಹೇಳ್ಕೊಂಡೆ. ಎಬ್ಬಿಸಿ ಕೂರಿಸಿದಳು.

ಘಟ್ಟದ ಮೇಲಿನವರಿಗೆ ಅಟ್ಟೆ ಅಂದ್ರೆ ಗೊತ್ತಿರ್ಲಿಕ್ಕಿಲ್ಲ. ನಮ್ಮ ಶಂಕರಪುರ ಮಲ್ಲಿಗೆಯಲ್ಲಿ 800 ಮೊಗ್ಗು ಸೇರಿದ್ರೆ ಒಂದು ಚೆಂಡು, 4 ಚೆಂಡು ಸೇರಿದ್ರೆ ಒಂದು ಅಟ್ಟೆ, ಅಂದ್ರೆ 3,200 ಮೊಗ್ಗು. ಅಷ್ಟನ್ನೂ ಬಿಸಿಲೇರುವ ಮೊದಲು ಯಾರೋ ಹೆಂಗಸು ಒಂದೊಂದಾಗಿ ಕಿತ್ತು, ಬಾಳೆನಾರಿನಲ್ಲಿ ಕಟ್ಟಿ, ಹೂ ಮಾರುವ ಕಟ್ಟೆಗೆ ಮುಟ್ಟಿಸಿರ್ತಾರೆ. ಮಾರಿಪೂಜೆ ದಿನ ರೇಟ್ ಆಕಾಶಕ್ಕೆ ಹೋಗ್ತದೆ, ಹೋಗ್ಲಿ, ಬೆಳೆದವರಿಗೂ ನಾಲ್ಕು ಕಾಸು ಸಿಗ್ಲಿ.

ನಮ್ಮ ಅಜ್ಜಿ ಇದ್ದಾಗ ಮಾರಿಪೂಜೆ ಹೂ ಅವರ ಕೈಯಲ್ಲೇ ಹೋಗ್ಬೇಕು. ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ನೀರು ಚಿಮುಕಿಸಿ, ಸರ್ವಿಸ್ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಕೊಂಡು ಮುಖ ಮಾತ್ರ ಕಿಟಕಿ ಕಡೆ ತಿರುಗಿಸಿ ಕೂರ್ತಿದ್ರು, ಯಾಕಂದ್ರೆ ದೇವರಿಗೆ ಇಟ್ಟ ಹೂವನ್ನು ಮೂಸಬಾರದು. ನಾವು ಮಕ್ಕಳು ಪಕ್ಕದಲ್ಲಿ ಕೂತು ಕದ್ದು ಉಸಿರು ಎಳೀಲಿಕ್ಕೆ ನೋಡಿದ್ರೆ ತೊಡೆಗೆ ಒಂದು ಚಿವುಟು. "ಪರಿಮಳ ತಾನಾಗಿ ಬಂದ್ರೆ ಅವಳು ಕೊಟ್ಟದ್ದು, ನೀನು ಎಳ್ಕೊಂಡ್ರೆ ಕದ್ದದ್ದು" ಅಂತ ಹೇಳ್ತಿದ್ರು. ಎಲೆ ಅಂಚಿನಿಂದ ಇಳಿದ ನೀರು ಅವರ ಸೀರೆ ಮೇಲೆ ಅಂಗೈ ಅಗಲ ಒದ್ದೆ ಮಾಡ್ತಿತ್ತು, ಆ ಒದ್ದೆ ಬಟ್ಟೆಗೂ ಮಲ್ಲಿಗೆ ವಾಸನೆ, ಬಸ್ಸು ಇಡೀ ಅದೇ ವಾಸನೆ, ಬೆವರು ಡೀಸೆಲ್ ಎಲ್ಲ ಅದರ ಅಡಿಯಲ್ಲಿ ಮುಳುಗಿ ಹೋಗ್ತಿತ್ತು. ಅಜ್ಜಿ ಒಬ್ರೇ ಅದನ್ನು ಬೇಡ ಅಂತ ಕೂತಿರ್ತಿದ್ರು, ಗುಡಿ ಬಾಗಿಲವರೆಗೂ. ಆ ತಿರುಗಿಸಿದ ಮುಖ ನನಗೆ ಮರೆಯುದಿಲ್ಲ. ಉಪವಾಸ ತುಂಬ ಜನ ಮಾಡ್ತಾರೆ, ಮೂಗಿಗೂ ಉಪವಾಸ ಮಾಡಿಸಿದ್ದು ನಾನು ಕಂಡದ್ದು ಅವರನ್ನೇ.

ಈ ಸಲ ಆ ಕಟ್ಟು ಮಗನ ಕೈಗೆ ಕೊಟ್ಟೆ, ಅವನದ್ದೇ ಹರಕೆ ಅಲ್ವಾ. ಕಾಪುವಿನಲ್ಲಿ ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಕಲ್ಯದ ಮೂರನೇ ಮಾರಿಗುಡಿ ಅಂತ ಮೂರು, ನಮ್ಮ ಮನೆಯವರು ನಡ್ಕೊಂಡು ಬಂದದ್ದು ಹೊಸ ಮಾರಿಗುಡಿಗೆ. 2025ರಲ್ಲಿ ಗುಡಿ ಹೊಸದಾಗಿ ಕಟ್ಟಿ ಪುನಃಪ್ರತಿಷ್ಠೆಯ ಬ್ರಹ್ಮಕಲಶ ಆದ ಮೇಲೆ ಇಳಕಲ್ ಕೆಂಪು ಕಲ್ಲಿನ ಆ ಗುಡಿ ನೋಡಿದ್ರೆ ಅಮ್ಮ ಎದ್ದು ನಿಂತ ಹಾಗೆ ಕಾಣ್ತದೆ. ಬುಧವಾರ, ಮಾರ್ಚ್ ಕೊನೆಯ ಸೆಕೆ, ಉಪ್ಪು ಗಾಳಿ, ಕೋಳಿ ಹಿಡ್ಕೊಂಡವರು, ಪಿಂಗಾರ (ಅಡಿಕೆ ಹೂ) ಹಿಡ್ಕೊಂಡವರು, ಎಲ್ಲೆಲ್ಲಿಂದಲೋ ಬಂದ ಜನ. ಕ್ಯೂನಲ್ಲಿ ಮಗ ಕಟ್ಟನ್ನು ಎದೆಗೆ ಒತ್ತಿ ಹಿಡ್ದು ಮುಖ ಆ ಕಡೆ ಮಾಡಿ ನಿಂತಿದ್ದ. ಅಜ್ಜಿ ಹೇಳ್ತಿದ್ದದ್ದನ್ನು ನಾನು ಒಮ್ಮೆ ಹೇಳಿದ್ದಷ್ಟೇ.

ಒಂದು ಮಾತು ಹೇಳಲೇಬೇಕು ಮಾರಾಯ್ರೆ, ಬೇಸರದಿಂದ ಹೇಳುದು. ಕ್ಯೂನಲ್ಲಿ ಎಷ್ಟೋ ಜನ ಹೂ ಬಿಚ್ಚಿ, ಮುಖದ ಹತ್ರ ಹಿಡ್ದು ಫೋಟೋ ತೆಗ್ದು, ಸ್ಟೇಟಸ್‌ಗೆ ಹಾಕಿ, ಅದರಲ್ಲೇ ಒಂದು ತುಂಡು ಮುರಿದು ಮುಡ್ಕೊಂಡು, ಉಳಿದದ್ದನ್ನು ಅಮ್ಮನಿಗೆ ಕೊಡ್ತಾರೆ. ಬೇರೆ ಒಂದು ಚೆಂಡು ತಕ್ಕೊಂಡು ಮುಡೀರಿ, ಯಾರು ಬೇಡ ಅಂತಾರೆ, ಅಮ್ಮನ ಎದುರು ಹೆಣ್ಣುಮಕ್ಕಳು ಹೂ ಮುಡಿದು ನಿಲ್ಲುದೇ ಚಂದ. ಆದ್ರೆ ಅವಳಿಗೆ ಅಂತ ಹೇಳಿ ತಂದದ್ದನ್ನು ಊರಿಗೆಲ್ಲ ತೋರಿಸಿ ಕಡೆಗೆ ಅವಳಿಗೆ ಕೊಡುದು ಅಂದ್ರೆ ಏನು? ನಮ್ಮ ಮನೆಯಲ್ಲಿ ಊಟಕ್ಕೆ ಕರೆದವರಿಗೆ ಎಂಜಲು ಬಡಿಸ್ತೇವಾ? ನಂಬಿಕೆ ಕಮ್ಮಿ ಆಗಿದೆ ಅಂತ ನಾನು ಹೇಳುದಿಲ್ಲ, ಜನ ಮೊದಲಿಗಿಂತ ಜಾಸ್ತಿಯೇ ಬರ್ತಾರೆ. ತಡೆದು ಹಿಡಿಯುವ ಗುಣ ಕಮ್ಮಿ ಆಗಿದೆ.

ನಮ್ಮ ಸರದಿ ಬಂತು. ಒಳಗಿನವರು ಕಟ್ಟು ತಕ್ಕೊಂಡು ಎಲೆ ಬಿಚ್ಚಿದ್ದೇ ತಡ, ಅಷ್ಟು ಹೊತ್ತು ಒಳಗೆ ಇದ್ದದ್ದೆಲ್ಲ ಒಮ್ಮೆಗೇ ಹೊರಗೆ ಬಂತು, ಮೊಗ್ಗು ಆಗಲೇ ತುದಿಯಲ್ಲಿ ಬಾಯಿ ಬಿಡ್ತಾ ಇದ್ವು, ನಾರಿನಿಂದ ನೀರು ತೊಟ್ಟಿಕ್ಕುತ್ತಾ ಇತ್ತು. ಅಮ್ಮನ ಮೇಲೆ ಅಷ್ಟೊಂದು ಮಲ್ಲಿಗೆ ಮೊದಲೇ ಇತ್ತು, ನಮ್ಮದು ಯಾವುದು ಅಂತ ಮತ್ತೆ ಗುರುತು ಸಿಗ್ಲಿಲ್ಲ. ಅದು ನನಗೆ ತುಂಬ ಸಮಾಧಾನ ಕೊಟ್ಟಿತು, ಯಾಕೆ ಅಂತ ಹೇಳ್ಲಿಕ್ಕೆ ಬರುದಿಲ್ಲ. ಮಗ ಕಣ್ಣು ಮುಚ್ಚಿ ನಿಂತಿದ್ದ, ನನಗೆ ಅಳು ತಡೀಲಿಕ್ಕೆ ಆಗ್ಲಿಲ್ಲ.

ಪ್ರಸಾದ ಅಂತ ಕುಂಕುಮದ ಜೊತೆ ಒಂದು ಚೂರು ಮಲ್ಲಿಗೆ ಕೊಟ್ರು. ಈಗ ಮೂಸಬಹುದಾ ಅಂತ ಕೇಳಿದ. ಮೂಸು ಅಂದೆ. ಸಂಜೆ ಬೀಚಿಗೆ ಹೋದ್ವಿ, 1901ರ ಲೈಟ್‌ಹೌಸ್, ಬಂಡೆ, ಜನಜಂಗುಳಿ, ಎಲ್ಲ ಇತ್ತು, ಅವನು ಮಾತ್ರ ಆ ಚೂರು ಹೂವನ್ನು ಮುಷ್ಟಿಯಲ್ಲೇ ಇಟ್ಕೊಂಡು ಓಡಾಡಿದ.

ಮಳೆಗಾಲದ ಆಟಿ ತಿಂಗಳ ಮಾರಿಪೂಜೆಗೂ ಹೋಗುವ ಅಂತ ಈಗಲೇ ಹೇಳ್ತಿದ್ದಾನೆ. ಮಳೆಗೆ ಮಲ್ಲಿಗೆ ಸಿಗುದು ಕಷ್ಟ, ಹೂ ಕಟ್ಟುವವರಿಗೆ ಮೊದಲೇ ಹೇಳಿಡ್ಬೇಕು. ಸಿಗದಿದ್ರೆ ಪಿಂಗಾರ ಆದ್ರೂ ತಕ್ಕೊಂಡು ಹೋಗ್ತೇವೆ, ಹರಕೆ ಇಲ್ಲದಿದ್ರೂ.