ನಾಸ್ತಿಕ ಎಂಬ ಪದದ ಬಗ್ಗೆ

ಅಮ್ಮನಿಗೆ ಮಂಡಿನೋವು ಹೆಚ್ಚಾಗಿದ್ದರಿಂದ ಇಂದು ಬೆಳಿಗ್ಗೆ ದೇವರಮನೆಯ ದೀಪಕ್ಕೆ ನಾನೇ ಎಣ್ಣೆ ಹಾಕಿ, ಬತ್ತಿ ಸರಿಪಡಿಸಿ ಹಚ್ಚಿದೆ. "ಕೊನೆಗೂ ನಿನಗೆ ಒಳ್ಳೆಯ ಬುದ್ಧಿ ಬಂತಲ್ಲ" ಎಂದು ಚಿಕ್ಕಮ್ಮ ಸಂತೋಷಪಟ್ಟರು. ನನ್ನಲ್ಲಿದ್ದದ್ದು ಭಕ್ತಿಯಲ್ಲ, ಅಮ್ಮನ ಮೇಲಿನ ಅಕ್ಕರೆ ಎಂದರೆ ಅವರಿಗೆ ನೋವಾದೀತೆಂದು ಸುಮ್ಮನಾದೆ.

ನಾಸ್ತಿಕನೆಂದರೆ ದೇವರನ್ನು ದ್ವೇಷಿಸುವವನು, ನೀತಿಯ ಹಂಗಿಲ್ಲದವನು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಇಲ್ಲವೆಂದು ತಿಳಿದದ್ದನ್ನು ದ್ವೇಷಿಸುವುದಾದರೂ ಹೇಗೆ? ದೇವರಿದ್ದಾನೆ ಎಂಬ ಮಾತಿಗೆ ಸಾಕಷ್ಟು ಆಧಾರ ಕಾಣದೆ ಅದನ್ನು ಒಪ್ಪದಿರುವುದು, ಅಷ್ಟೇ ಅದರ ಅರ್ಥ. ನಮ್ಮ ಪರಂಪರೆಯಲ್ಲಂತೂ ಈ ಪದದ ಹುರುಳೇ ಬೇರೆಯಾಗಿತ್ತು: ಮನುಸ್ಮೃತಿ ನಾಸ್ತಿಕನೆಂದು ಕರೆದದ್ದು ವೇದವನ್ನು ನಿಂದಿಸುವವನನ್ನು. ಹಾಗಾಗಿ ಜಗತ್ತನ್ನು ಸೃಷ್ಟಿಸಿದ ಈಶ್ವರನೊಬ್ಬನಿದ್ದಾನೆಂದು ಒಪ್ಪದ ಪೂರ್ವಮೀಮಾಂಸಕರು (ವೇದದ ಕರ್ಮಭಾಗವನ್ನು ವಿಚಾರಿಸಿದ ದಾರ್ಶನಿಕರು), ವೇದವನ್ನು ಪ್ರಮಾಣವೆಂದು ಹಿಡಿದದ್ದರಿಂದ ಆಸ್ತಿಕರ ಸಾಲಿನಲ್ಲೇ ಉಳಿದರು. ವೇದವನ್ನು ಪ್ರಮಾಣವೆಂದು ಒಪ್ಪದ ಜೈನರೂ ಬೌದ್ಧರೂ ನಾಸ್ತಿಕರೆನಿಸಿಕೊಂಡರು. ಸೃಷ್ಟಿಕರ್ತನಿಲ್ಲದ ಆ ಜೈನಧರ್ಮವೇ ಇರುವೆಗೂ ನೋವಾಗದಂತೆ ನಡೆಯಬೇಕೆಂದು ಕಲಿಸಿತು. ಶ್ರವಣಬೆಳಗೊಳದ ಬಾಹುಬಲಿಯ ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿಯನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಅಮ್ಮನ ನೋವು ಕಡಿಮೆಯಾಗುವವರೆಗೆ ದೀಪ ಹಚ್ಚುವ ಕೆಲಸ ನನ್ನದೇ.