ಕೊಳೆತ ಕಲ್ಲು ಕೊನೆಗೂ ಹಲಗೆ ಮೇಲೆ ನಿಂತಿತು

ಹದಿನೇಳನೇ ದಿನ. ಬೆಳಿಗ್ಗೆ ಮಣ್ಣಿನ ಪದರ ಅಂಟಿಸಿದ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಏನೂ ಉದುರಲಿಲ್ಲ. ನಂಬಿಕೆ ಬರದೆ ಒಂದು ಸಲ ತಟ್ಟಿಯೂ ನೋಡಿದೆ.

ಕೋಲಾರದ ಕಡೆ ಮಾವನ ಹೊಲದಲ್ಲಿ ಕೃಷಿ ಹೊಂಡ ತೋಡಿದಾಗ ಸಿಕ್ಕ ಗೋಡೆ ಇದು. ಹೊಂಡದ ಗೋಡೆ ಸವರಿ, ಗೋಂದು ಬಳಿದು ಬಟ್ಟೆ ಹಚ್ಚಿ, ಮಣ್ಣಿನ ಪದರಗಳನ್ನು ಇದ್ದ ಹಾಗೇ ಕಿತ್ತು ಹಲಗೆ ಮೇಲೆ ಕೂರಿಸುವುದು ನನ್ನ ಕೆಲಸ. ಮೇಲಿನ ಕೆಮ್ಮಣ್ಣು, ಗರಸು ಒಂದೇ ಸಲಕ್ಕೆ ಬಂದವು. ಜೀವ ತಿಂದದ್ದು ಅದರ ಕೆಳಗಿನ ಕೊಳೆತ ಕಲ್ಲು.

ನೋಡಲು ಪಕ್ಕಾ ಕಲ್ಲೇ. ನೈಸ್ ಶಿಲೆಯ ಕಪ್ಪು-ಬಿಳಿ ಪಟ್ಟೆಗಳು ಹಾಗೇ ಇವೆ. ಲಾಲ್‌ಬಾಗ್ ಬಂಡೆಯದೂ ಇದೇ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ. ಆದರೆ ಹೆಬ್ಬೆರಳಲ್ಲಿ ಒತ್ತಿದರೆ ರವೆ! ಇಂಗುವ ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತೆ. ಅದಕ್ಕೆ ಸಿಕ್ಕ ಫೆಲ್ಡ್‌ಸ್ಪಾರ್ (ಕಲ್ಲಿನ ಬಿಳಿ ಪಟ್ಟೆಯ ಖನಿಜ) ಬಿಳಿ ಜೇಡಿಯಾಗುತ್ತೆ, ಅದರ ಪೊಟ್ಯಾಸಿಯಂ, ಸೋಡಿಯಂ ನೀರಿನ ಜೊತೆ ಹೊರಟುಹೋಗುತ್ತವೆ. ಕಪ್ಪು ಅಭ್ರಕ ಹೊಂಬಣ್ಣಕ್ಕೆ ತಿರುಗುತ್ತೆ, ನಮ್ಮಜ್ಜಿಯ ಕಾಗೆ ಬಂಗಾರ. ಅದರಿಂದ ಬಿಟ್ಟ ಕಬ್ಬಿಣ ತುಕ್ಕು ಹಿಡಿದೇ ಮೇಲಿನ ಮಣ್ಣು ಕೆಂಪು. ಬೆಣಚು ಮಾತ್ರ ಜಗ್ಗುವುದಿಲ್ಲ, ಅದೇ ಮರಳು.

ನನ್ನ ತಲೆನೋವು ಆ ಬಿಳಿ ಜೇಡಿ. ಗೋಂದು ಒಳಗಿಳಿಯದೆ ಮೇಲೇ ಕೆನೆಗಟ್ಟಿತು. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬಂತು, ಹಿಂದೆ ಕಲ್ಲು ಪುಡಿ ಪುಡಿ. ಮೂರು ಸಲ ಹೀಗೇ ಆಯಿತು. ಗೋಂದು ಇನ್ನೂ ಗಟ್ಟಿ ಮಾಡಿದ್ದೇ ತಪ್ಪು. ನಾಲ್ಕನೇ ಸಲ ಒಂದು ಪಾಲಿಗೆ ಆರು ಪಾಲು ನೀರು ಬೆರೆಸಿ, ಪಾತ್ರೆ ತೊಳೆಯುವ ಸೋಪು ಎರಡು ಹನಿ ಹಾಕಿ, ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟೆ. ನಾಲ್ಕು ದಿನ, ಬೆಳಿಗ್ಗೆ-ಸಂಜೆ. ಬತ್ತಿ ಎಣ್ಣೆ ಕುಡಿದ ಹಾಗೆ ಕುಡಿಯಿತು. (ಇಷ್ಟೊಂದು ಸಿರಿಂಜ್ ಯಾಕೆ ಅಂತ ಮೆಡಿಕಲ್ ಸ್ಟೋರಿನವರು ನನ್ನನ್ನೇ ದಿಟ್ಟಿಸಿದರು. ಕಲ್ಲಿಗೆ ಅಂದೆ. ಇನ್ನೂ ಜಾಸ್ತಿ ದಿಟ್ಟಿಸಿದರು.)

ಕಷ್ಟಕ್ಕೆ ಬೆಲೆ ಸಿಕ್ಕಿದ್ದು ಒಂದು ಬೆಣಚಿನ ಗೆರೆಯಲ್ಲಿ. ಬೆರಳಷ್ಟು ದಪ್ಪ. ಕೊಳೆತ ಕಲ್ಲಿನೊಳಗೆ ಒಂದಿಷ್ಟೂ ಕದಲದೆ ಓರೆಯಾಗಿ ಏರಿ ಬರುತ್ತೆ. ಕೆಮ್ಮಣ್ಣು ಮುಟ್ಟಿದ ಕೂಡಲೇ ಮುರಿದು, ಇಳಿಜಾರಿನ ಕಡೆ ಚೂರು ಚೂರಾಗಿ ಮಲಗಿದೆ. ಅಂದರೆ ಕೆಳಗಿನದು ನಿಂತಲ್ಲೇ ಕೊಳೆತದ್ದು, ಮೇಲಿನದು ಬೇರು, ಗೆದ್ದಲು, ಮಳೆ ಸೇರಿ ಸರಿಸಿದ್ದು. ತೀರಾ ಮೇಲಿನ ಕಪ್ಪು ಮಣ್ಣು ಇಲ್ಲಿ ನಾಲ್ಕೇ ಬೆರಳು. ಉಳಿದದ್ದು ಕೊಚ್ಚಿಹೋಗಿ ಕೆಳಗಿನ ಬದುವಿನ ಹತ್ತಿರ ಮೊಣಕಾಲುದ್ದ ಕೂತಿದೆ.

ಹಲಗೆಯ ಕಥೆ ಬೇಡ. ವಾಟರ್‌ಪ್ರೂಫ್ ಅಂತ ಆಣೆ ಮಾಡಿ ಕೊಟ್ಟ ಪ್ಲೈವುಡ್ ಮೂರನೇ ದಿನಕ್ಕೇ ಪದರ ಪದರ ಬಿಚ್ಚಿತು. ಕಲ್ಲಿಗಿಂತ ಬೇಗ ಕೊಳೆಯುವುದು ಏನು ಅಂತ ಕೇಳಿದರೆ ತೋರಿಸಲು ಇಟ್ಟುಕೊಂಡಿದ್ದೇನೆ.

ಮುಂದಿನದು ಕರಾವಳಿ. ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಕೆಳಗೆ ಶೇಡಿ ಮಣ್ಣು (ಮೆತ್ತನೆಯ ಬಿಳಿ ಜೇಡಿ), ಎರಡೂ ಒಂದೇ ಹಲಗೆಯಲ್ಲಿ. ಮುರಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿಗೆ ತಾನೇ ಗಟ್ಟಿಯಾಗುತ್ತೆ, ಅದಕ್ಕೆ ಗೋಂದೇ ಬೇಡವೇನೋ. ಹೆದರಿಕೆ ಇರುವುದು ಶೇಡಿಯದ್ದು. ಸಿರಿಂಜ್ ಹಿಡಿದು ಪ್ರಯತ್ನಿಸಿದವರು ಯಾರಾದರೂ ಇದ್ದೀರಾ?